ಬಾಯಿ ತೆರೆದ ಅಚ್ಚು

"ಮತ್ತೆ ಬಿತ್ತು, ಡಾಕ್ಟ್ರೇ!" ಎನ್ನುತ್ತ ಅಂಚೆಯ ಹುಡುಗಿ ಹೆಗಲಿನ ಚೀಲ ಇಳಿಸಿ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದ ಎರಡು ಪುಟ್ಟ ವಸ್ತುಗಳನ್ನು ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಗೆ ಹಾಕಿದಳು. "ಈ ಸಲ ಎಡಗಡೆಯದು. ಹಾಡಿನ ಮಧ್ಯದಲ್ಲೇ ಕಿವಿಯಿಂದ ಜಾರಿ, ತಂತಿ ಹಿಡ್ಕೊಂಡು ಹೆಗಲ ಮೇಲೆ ಓಲೆ ಥರ ನೇತಾಡ್ತಿತ್ತು."

"ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳ್ಲಿ," ಎಂದಳು ಮೆಲ್ಲಕ್ಕ, ಮೆಲ್ಲಗೆ.

"ಬಿಳಿ ಕೋಟು ಹಾಕಿದವರೆಲ್ಲ ನನಗೆ ಡಾಕ್ಟ್ರೇ. ಮೀನಂಗಡಿಯವನನ್ನೂ ಹಾಗೇ ಕರೀತೀನಿ."

ಮೆಲ್ಲಕ್ಕ ನಗಲಿಲ್ಲ. ದೀಪವನ್ನು ಹತ್ತಿರ ಎಳೆದುಕೊಂಡು, ಆ ಎರಡು ವಸ್ತುಗಳನ್ನು ಭೂತಗನ್ನಡಿಯ ಕೆಳಗೆ ಹೊರಳಿಸಿ ಹೊರಳಿಸಿ ನೋಡಿದಳು. ಬಿರುಕಿಲ್ಲ, ಸವೆತವಿಲ್ಲ. ತಾನೇ ಅಚ್ಚು ತೆಗೆದು, ತಾನೇ ಎರಕ ಹೊಯ್ದು, ತಾನೇ ಉಜ್ಜಿ ಹೊಳಪು ಕೊಟ್ಟದ್ದು. ಒಳಗೆ ಅಕ್ಕಿಕಾಳಿನಷ್ಟು ದೊಡ್ಡ ಸ್ಪೀಕರ್. ವೇದಿಕೆಯ ಮೇಲೆ ನಿಂತು ಹಾಡುವವರಿಗೆ ಆ ಗದ್ದಲದಲ್ಲಿ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ಈ ಸ್ಪೀಕರ್ ಅದನ್ನು ನೇರವಾಗಿ ಕಿವಿಗೆ ತಲುಪಿಸುತ್ತದೆ. ಕಿವಿಯ ಅಳತೆಗೆ ಸರಿಯಾಗಿ ಕೂತರೆ ಮಾತ್ರ.

ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಮತ್ತೆ ಹಾಕಿ ನೋಡಿದಳು. ಎಳೆದರೂ ಬರಲಿಲ್ಲ. ಹುಡುಗಿ ತಲೆ ಕೊಡವಿದಳು, ಎದ್ದು ನಿಂತು ಕುಣಿದಳು, ಗೋಡೆ ಬದಿಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡುವ ಹಾಗೆ ಕುಣಿದಳು. ಕಿವಿಯಲ್ಲಿದ್ದದ್ದು ಅಲ್ಲಾಡಲಿಲ್ಲ.

"ನೋಡಿದ್ರಾ? ಇಲ್ಲಿ ಬೀಳಲ್ಲ. ಹಾಡುವಾಗ ಬೀಳತ್ತೆ."

"ಹಾಗಾದ್ರೆ ಇಲ್ಲೇ ಹಾಡು."

ಹುಡುಗಿ ಮುದುಕರ ಕಡೆ ನೋಡಿ, ತುಟಿ ಬಿಚ್ಚದೆ ಎರಡು ಸಾಲು ಗುನುಗಿದಳು. ಆಗಲೂ ಬೀಳಲಿಲ್ಲ.

ಮೆಲ್ಲಕ್ಕ ಎನ್ನುವುದು ಚಿಕ್ಕಂದಿನ ಅಡ್ಡಹೆಸರು. ಮನೆ ತುಂಬ ಗಲಾಟೆ ಮಾಡುವ ತಮ್ಮಂದಿರಿಗೆ ಇವಳು ದಿನವಿಡೀ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳಂತೆ. ಮದುವೆಯ ಮನೆಯಲ್ಲಿ ಆ ಹೆಸರು ಗಂಡನ ಕಿವಿಗೆ ಬಿದ್ದಿತ್ತು. ಅವನು ಅದನ್ನು ಬಿಡಲಿಲ್ಲ. ಭೌತಶಾಸ್ತ್ರ ಓದಿ, ಶ್ರವಣದ ವಿಷಯದಲ್ಲಿ ತರಬೇತಿ ಪಡೆದು, ಗಂಡನಿಗೆ ಬಸ್ ಡಿಪೋದಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದ್ದರಿಂದ ಮಾತೇ ಬೇರೆಯಾದ ಈ ದೂರದ ಊರಿಗೆ ಬಂದು, ಕಿವಿಯ ಯಂತ್ರಗಳ ಈ ಅಂಗಡಿಯಲ್ಲಿ ಅಚ್ಚು ತೆಗೆಯುವ ಕೆಲಸಕ್ಕೆ ಸೇರಿದ್ದಳು. ಮೃದುವಾದ ಸಿಲಿಕೋನನ್ನು ಕಿವಿಯೊಳಗೆ ತುಂಬಿ ಅದು ಗಟ್ಟಿಯಾಗುವವರೆಗೆ ಕಾಯುವುದು, ಆಮೇಲೆ ಹೊರತೆಗೆಯುವುದು. ಆ ಹೊತ್ತಿನಲ್ಲಿ ಮಾತಿಲ್ಲ, ನಗುವಿಲ್ಲ, ಬಾಯಿ ಮುಚ್ಚಿರಬೇಕು. ಅದು ಅವಳ ಕಟ್ಟುನಿಟ್ಟು. ಹರಟೆಮಲ್ಲರಾದ ಮುದುಕರೂ ಅವಳ ಕುರ್ಚಿಯಲ್ಲಿ ಶಾಲೆಯ ಮಕ್ಕಳಂತೆ ಕೂರುತ್ತಿದ್ದರು.

ಆ ಊರಿಗೆ ರಾಕ್ ಸಂಗೀತದ ಹುಚ್ಚು. ಹಗಲು ಟೈಲ್ಸ್ ಕೂರಿಸುವವರು, ಶಾಲೆಯಲ್ಲಿ ಅಡುಗೆ ಮಾಡುವವರು, ಅಂಚೆ ಹಂಚುವವರು ಸಂಜೆಯಾದರೆ ಕಪ್ಪು ಬಟ್ಟೆ ತೊಟ್ಟು ಯಾವುದಾದರೂ ನೆಲಮಾಳಿಗೆಗೆ ಇಳಿಯುತ್ತಿದ್ದರು. ಕಿವಿ ಗುಂಯ್‌ಗುಟ್ಟತೊಡಗಿದ ಮೇಲೆ, ಸದ್ದು ತಗ್ಗಿಸುವ ಬಿರಡೆ ಬೇಕೆಂದು ಒಬ್ಬೊಬ್ಬರಾಗಿ ಈ ಅಂಗಡಿಗೆ ಬರುತ್ತಿದ್ದರು. ಮೆಲ್ಲಕ್ಕನಿಗೆ ಅವರೆಲ್ಲರೂ ಕಿವಿಯಿಂದಲೇ ಪರಿಚಯ. ಡ್ರಮ್ಮಿನವನ ಕಿವಿನಾಳ ಮೊದಲು ಮೇಲಕ್ಕೇರಿ ಆಮೇಲೆ ತಿರುಗುತ್ತದೆ. ಗಿಟಾರಿನವನ ಬಲಗಿವಿ ಎಡಗಿವಿಗಿಂತ ಕಿರಿದು. ಆದರೆ ಅವರು ನುಡಿಸುವುದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಅವಳ ಪಾಲಿಗೆ ಆ ಸಂಗೀತವೆಂದರೆ ತಗ್ಗಿಸಬೇಕಾದ ಸದ್ದಿನ ಒಂದು ಅಂಕಿ. ಅಂಗಡಿ, ಮನೆ, ತರಕಾರಿ ಕೊಳ್ಳುವ ಚೌಕ, ಇಷ್ಟರಲ್ಲೇ ಅವಳ ಊರು ಮುಗಿಯುತ್ತಿತ್ತು. ಮನೆಯ ಗೋಡೆಗಳು ತೆಳು ಎಂದು ಅಲ್ಲಿ ಅವಳು ಕುಕ್ಕರಿನ ಸೀಟಿಗೂ ಗಾಬರಿಯಾಗುತ್ತಿದ್ದಳು.

"ಶನಿವಾರ ಮಧ್ಯಾಹ್ನ ಹಳೇ ಗೋದಾಮಲ್ಲಿ ದೊಡ್ಡ ಕಾರ್ಯಕ್ರಮ," ಎಂದಳು ಹುಡುಗಿ. ಮುಖದ ತಮಾಷೆ ಇಳಿದಿತ್ತು. "ಎಲ್ಲಾ ನಾನೇ ಬರೆದ ಹಾಡುಗಳು. ಹೋದ ಸಲ ಇದು ಬಿದ್ದಾಗ ನನ್ನ ದನಿ ನನಗೆ ಕೇಳಿಸದೆ ಶ್ರುತಿ ಎಲ್ಲೋ ಹೋಯ್ತು. ಜನ ನಕ್ಕರು. ಒಳ್ಳೆ ಮನಸ್ಸಿಂದಲೇ ನಕ್ಕರು, ಅದೇ ಇನ್ನೂ ಕಷ್ಟ. ಇನ್ನೊಂದು ಸಲ ಹೀಗಾದ್ರೆ ಶನಿವಾರ ಗಿಟಾರಿನವನು ಹಾಡ್ತಾನಂತೆ. ನಾನು ಪಕ್ಕದಲ್ಲಿ ನಿಂತು ಗಿಲಕಿ ಅಲ್ಲಾಡಿಸಬೇಕಂತೆ."

"ಯಾರು ಹೇಳಿದ್ದು?"

"ಡ್ರಮ್ಮಿನವನು. ಕೆಟ್ಟವನಲ್ಲ. ಅವನಿಗೂ ಹೆದರಿಕೆ."

ಮೆಲ್ಲಕ್ಕ ತಟ್ಟೆಯತ್ತ ನೋಡಿದಳು. ಅವಳ ಕೈಯ ಅಚ್ಚು ಹೀಗೆ ಮತ್ತೆ ಮತ್ತೆ ವಾಪಸ್ಸು ಬಂದದ್ದಿರಲಿಲ್ಲ.

"ಅಭ್ಯಾಸ ಎಲ್ಲಿ ಮಾಡ್ತೀರಿ?" ಎಂದು ಕೇಳಿದಳು.

*

"ನಮ್ಮಮ್ಮನ್ನ ರಾಕ್ ಸಂಗೀತಕ್ಕೆ ಕರ್ಕೊಂಡು ಹೋಗ್ತೀಯಾ?" ಡಿಪೋದಿಂದ ಫೋನಿನಲ್ಲಿ ಗಂಡ ಕೇಳಿದ. ಅವನದು ಸಂಜೆಯ ಪಾಳಿ. "ಅಲ್ಲಾ, ಅಲ್ಲಿ ಯಾರು ಯಾರನ್ನ ನೋಡ್ಕೋತಾರೆ?"

"ಸಂಗೀತಕ್ಕಲ್ಲ, ಕೆಲಸಕ್ಕೆ ಹೋಗ್ತಿರೋದು. ಅತ್ತೆ ಒಬ್ಬರೇ ಇರಲ್ಲ ಅಂತಿದಾರೆ."

"ಒಬ್ಬಳೇ ಇರಲ್ಲ ಅಂತ ಯಾವಾಗ ಹೇಳ್ದೆ?" ಎಂದರು ಅತ್ತೆ ಚಪ್ಪಲಿ ಮೆಟ್ಟುತ್ತ. "ನಾನೂ ಬರ್ತೀನಿ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ."

ಅತ್ತೆಯ ಎರಡೂ ಕಿವಿಗೆ ಯಂತ್ರ. ಅವುಗಳ ಅಚ್ಚೂ ಸೊಸೆಯದೇ ಕೈಕೆಲಸ. ಒಂದು ಕಾಲದಲ್ಲಿ ಸಂಗೀತ ಕಚೇರಿಗಳಲ್ಲಿ ಮೊದಲ ಸಾಲು ಬಿಟ್ಟು ಕೂತವರಲ್ಲ ಅವರು. ಕಿವಿ ಮಂದವಾದ ಮೇಲೆ ಹೋಗುವುದನ್ನೇ ನಿಲ್ಲಿಸಿದ್ದರು. "ಅರ್ಧ ಕೇಳಿಸಿಕೊಂಡು ಪೂರ್ತಿ ತಲೆ ಆಡಿಸೋದು ಮೋಸ," ಎನ್ನುತ್ತಿದ್ದರು. ಯಂತ್ರದ ಬಗ್ಗೆ ಅವರದು ಒಂದೇ ದೂರು: ಗಟ್ಟಿ ತಿಂಡಿ ಅಗಿದರೆ, ಆಕಳಿಸಿದರೆ, ಜೋರಾಗಿ ನಕ್ಕರೆ ಅದು ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ. ಮೆಲ್ಲಕ್ಕ ಪ್ರತಿ ಸಲವೂ ಯಂತ್ರ ಬಿಚ್ಚಿ, ಒರೆಸಿ, "ಮೆಲ್ಲಗೆ ಅಗೀರಿ ಅತ್ತೆ," ಎಂದು ಮತ್ತೆ ಹಾಕುತ್ತಿದ್ದಳು.

ಅಭ್ಯಾಸದ ಜಾಗ ಒಂದು ರತ್ನಗಂಬಳಿ ಅಂಗಡಿಯ ನೆಲಮಾಳಿಗೆ. ಸುರುಳಿ ಸುತ್ತಿದ ಗಂಬಳಿಗಳು ಗೋಡೆಯುದ್ದಕ್ಕೂ ನಿಂತು ಸದ್ದನ್ನು ಹೊರಗೆ ಬಿಡದೆ ಹಿಡಿಯುತ್ತಿದ್ದವು. ಉಣ್ಣೆಯ ವಾಸನೆ, ಕಾದ ತಂತಿಯ ವಾಸನೆ. ಡ್ರಮ್ಮಿನವನು ಅತ್ತೆಯನ್ನು ಕಂಡದ್ದೇ ಎದ್ದು ಬಂದು, ಅಡ್ಡ ಬಿದ್ದಿದ್ದ ಒಂದು ದಪ್ಪ ಸುರುಳಿಯನ್ನು ಕೈಯಲ್ಲಿ ತಟ್ಟಿ ಧೂಳು ಕೊಡವಿ ಕೂರಿಸಿದ. ಅತ್ತೆ ಸೆರಗು ಹೊದ್ದು, ಮೊದಲ ಸಾಲಿನವರ ಗತ್ತಿನಲ್ಲಿ ಕೂತರು. ಮೆಲ್ಲಕ್ಕ ತನ್ನ ನೀಲಿ ಬಿರಡೆಗಳನ್ನು ಕಿವಿಗೆ ಹಾಕಿಕೊಂಡಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಳಪು ಕೊಡುವ ಯಂತ್ರದ ಸದ್ದು ತಡೆಯಲೆಂದು ಅಂಗಡಿಯ ಯಜಮಾನಿ ಅವಳಿಗಾಗಿ ತೆಗೆದ ಅಚ್ಚಿನವು ಅವು.

ಶುರುವಾಯಿತು. ಮೊದಲು ಕೆಲವು ಕ್ಷಣ ಮೆಲ್ಲಕ್ಕನಿಗೆ ಅದು ಸಂಗೀತವೆಂದು ಅನಿಸಲೇ ಇಲ್ಲ. ಯಾರೋ ಎದೆಯ ಗೂಡಿನ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಂತಿತ್ತು.

"ಶ್ರುತಿ ಸೇರಿಸ್ತಿದಾರೋ, ಹಾಡ್ತಿದಾರೋ?" ಅತ್ತೆ ಅವಳ ತೋಳು ಹಿಡಿದು ಕೂಗಿದರು.

"ಹಾಡೇ ಅತ್ತೆ!"

"ಸರಿ, ಸರಿ. ಮೊದಲೇ ತಿಳ್ಕೊಂಡಿದ್ರೆ ಒಳ್ಳೇದು ಅಂತ ಕೇಳಿದೆ."

ಅಂಚೆಯ ಹುಡುಗಿ ಮೈಕಿನ ಮುಂದೆ ನಿಂತಳು. ಅಂಗಡಿಯಲ್ಲಿ ಗುನುಗಿದ್ದ ಅವಳೇ ಬೇರೆ, ಇವಳೇ ಬೇರೆ. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು, ಬಾಯಿ ಕೊನೆಯ ಹಲ್ಲು ಕಾಣುವಷ್ಟು ತೆರೆಯಿತು. ಆ ತೆಳ್ಳನೆಯ ಮೈಯಿಂದ ಅಷ್ಟು ದೊಡ್ಡ ದನಿ ಬಂದದ್ದು ಎಲ್ಲಿಂದ ಎಂದು ಮೆಲ್ಲಕ್ಕ ಬೆರಗಾಗಿ ನೋಡುತ್ತಿದ್ದಂತೆ, ಪಲ್ಲವಿಯ ಕೂಗಿನಲ್ಲಿ ಎಡಗಿವಿಯ ಅಚ್ಚು ಮೊಳಕೆಯೊಡೆದಂತೆ ಒಂದಿಷ್ಟು ಹೊರಗೆ ಬಂತು. ಮುಂದಿನ ಕೂಗಿಗೆ ಇನ್ನೊಂದಿಷ್ಟು. ಆಮೇಲೆ ಜಾರಿ ಹೆಗಲಿಗೆ ಬಿತ್ತು. ದನಿ ತಬ್ಬಿಬ್ಬಾಯಿತು. ಡ್ರಮ್ಮಿನವನು ಕೋಲುಗಳನ್ನು ಮಡಿಲಿಗಿಟ್ಟುಕೊಂಡ. ಎಲ್ಲರೂ ನಿಲ್ಲಿಸಿದರು.

"ನೋಡಿದ್ರಲ್ಲ ಡಾಕ್ಟ್ರೇ," ಎಂದಳು ಹುಡುಗಿ.

ಆ ಮೌನದಲ್ಲಿ ಅತ್ತೆ ಸೊಸೆಯತ್ತ ವಾಲಿದರು. "ಏನಂತೆ ಹಾಡು? ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲ ಅತ್ತೆ. ಗೇಟಿನ ಹತ್ರ ನಾಯಿ ಇದೆಯಂತೆ."

"ನಾಯಿನಾ? ಅಷ್ಟಕ್ಕೆ ಹೀಗೆ ಕೂಗಬೇಕಾ?"

"ಅಂಚೆ ಹಂಚೋವಳು. ಒಂದ್ಸಲ ಕಚ್ಚಿಸಿಕೊಂಡಿದಾಳೆ."

"ಹಾಗಾದ್ರೆ ಕೂಗಲಿ ಬಿಡು ಪಾಪ, ಅವಳ ನೋವು ಅವಳಿಗೆ," ಎಂದವರೇ ಅತ್ತೆ ತಮ್ಮ ಮಾತಿಗೆ ತಾವೇ ನಕ್ಕರು. ಬಾಯಿ ತುಂಬ, ಹಲ್ಲು ಸೆಟ್ಟು ಅಲ್ಲಾಡುವಂತೆ ನಕ್ಕರು. ಅವರ ಕಿವಿಯ ಯಂತ್ರ ಕುಂಯ್ ಎಂದು ಶಿಳ್ಳೆ ಹಾಕಿತು.

ಮೆಲ್ಲಕ್ಕ ಅತ್ತೆಯ ತೆರೆದ ಬಾಯಿಯನ್ನು ನೋಡಿದಳು. ಹುಡುಗಿಯ ಹೆಗಲ ಮೇಲೆ ನೇತಾಡುತ್ತಿದ್ದ ಅಚ್ಚನ್ನು ನೋಡಿದಳು. ಬಿರಡೆಗಳನ್ನು ತೆಗೆದು, ತನ್ನ ಎರಡೂ ಕಿರುಬೆರಳುಗಳನ್ನು ಕಿವಿಯೊಳಗೆ ತೂರಿಸಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಬೆರಳ ತುದಿಯಲ್ಲಿ ಕಿವಿಯ ಗೋಡೆ ಮುಂದಕ್ಕೆ ಸರಿದು ಹಿಂದಕ್ಕೆ ಬಂತು. ಪುಸ್ತಕದಲ್ಲಿ ಓದಿದ್ದ ಸಾಲು ಈಗ ನೆನಪಾಯಿತು: ದವಡೆಯ ಕೀಲು ಕಿವಿನಾಳಕ್ಕೆ ಆತುಕೊಂಡಿದೆ, ಬಾಯಿ ತೆರೆದರೆ ನಾಳ ಅಗಲವಾಗುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು. ಇಲ್ಲಿಯವರೆಗೆ ಸಂಗೀತದವರಲ್ಲಿ ಅವಳ ಬಳಿಗೆ ಬಂದದ್ದು ಬಾರಿಸುವವರು, ಮೀಟುವವರು. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರು. ಹಾಡುವವಳು ಇವಳೊಬ್ಬಳೇ. ಅವಳನ್ನೂ ಕುರ್ಚಿಯಲ್ಲಿ ಕೂರಿಸಿ, ತುಟಿ ಬಿಗಿಸಿ, ಸುಮ್ಮನಿರುವ ಹುಡುಗಿಯೊಬ್ಬಳ ಕಿವಿಯ ಅಚ್ಚು ತೆಗೆದುಬಿಟ್ಟಿದ್ದಳು.

"ಡಾಕ್ಟ್ರಿಗೇನಾಯ್ತು?" ಎಂದ ಗಿಟಾರಿನವನು.

"ಕಿವಿಗೆ ಬೆರಳು ಹಾಕಿ," ಎಂದಳು ಮೆಲ್ಲಕ್ಕ. "ಎಲ್ಲರೂ. ಹಾಕಿ ಬಾಯಿ ತೆಗೀರಿ."

ಮೂವರೂ ಕಿವಿಗೆ ಬೆರಳು ಹಾಕಿಕೊಂಡು, ನೀರಿನಿಂದ ಎತ್ತಿದ ಮೀನುಗಳಂತೆ ಬಾಯಿ ತೆರೆದು ಮುಚ್ಚತೊಡಗಿದರು. "ಅಯ್ಯೋ, ಒಳಗೆ ಏನೋ ಓಡಾಡ್ತಿದೆ!" ಎಂದು ಡ್ರಮ್ಮಿನವನು ಕೂಗಿದ.

ಅತ್ತೆ ಅವರನ್ನು ಒಬ್ಬೊಬ್ಬರಾಗಿ ದಿಟ್ಟಿಸಿ ನೋಡಿ, "ಇದೂ ಹಾಡಿನಲ್ಲಿ ಬರತ್ತಾ?" ಎಂದು ಕೇಳಿದರು.

*

ಶುಕ್ರವಾರ ಬೆಳಿಗ್ಗೆ ಅಂಚೆಯ ಚೀಲ ತುಂಬುವುದಕ್ಕೆ ಮೊದಲೇ ಹುಡುಗಿ ಬಂದು ಕುರ್ಚಿಯಲ್ಲಿ ಕೂತಳು. ಮೆಲ್ಲಕ್ಕ ಹಿಂದಿನ ಸಂಜೆಯೇ ಗಟ್ಟಿ ಸ್ಪಂಜಿನ ಒಂದು ತುಂಡನ್ನು ಕತ್ತರಿಸಿ, ತನ್ನ ಹಲ್ಲುಗಳ ನಡುವೆ ಇಟ್ಟು ಎತ್ತರ ನೋಡಿ, ಅದೇ ಅಳತೆಯ ಇನ್ನೊಂದನ್ನು ಕತ್ತರಿಸಿ ಇಟ್ಟಿದ್ದಳು.

"ಕಚ್ಚು. ಇನ್ನೂ ಅಗಲ. ಆ ನಾಯಿಯನ್ನ ನೆನಪು ಮಾಡ್ಕೋ."

ಹುಡುಗಿಯ ಹೊಟ್ಟೆ ನಗುವಿಗೆ ಕುಲುಕಿತು, ಬಾಯಿ ಮಾತ್ರ ತೆರೆದೇ ಇತ್ತು. ಸಿಲಿಕೋನ್ ಗಟ್ಟಿಯಾಗುವವರೆಗೂ ಮೆಲ್ಲಕ್ಕ ಅವಳ ಗಲ್ಲಕ್ಕೆ ಕೈಯಾನಿಸಿ ನಿಂತಿದ್ದಳು. ಹೊರತೆಗೆದ ಅಚ್ಚನ್ನು ಹಳೆಯದರ ಪಕ್ಕ ಇಟ್ಟಾಗ ಕಣ್ಣಿಗೇ ವ್ಯತ್ಯಾಸ ಕಂಡಿತು. ಮುಂದಿನ ಬದಿಯಲ್ಲಿ ಒಂದು ಸಣ್ಣ ಉಬ್ಬು, ಗುಲಗಂಜಿಯ ಬೆನ್ನಿನಂಥದು.

"ಬಾಯಿ ಮುಚ್ಚಿದಾಗ ಸ್ವಲ್ಪ ಬಿಗಿ ಅನ್ನಿಸತ್ತೆ," ಎಂದಳು.

"ಹಾಗಾದ್ರೆ ಮುಚ್ಚೋದೇ ಇಲ್ಲ."

ಅಂದು ಹಗಲೆಲ್ಲ ಬೇರೆ ಕೆಲಸದ ನಡುವೆ ಎರಕ ಹೊಯ್ದು, ಬೆಳಕಿನ ಪೆಟ್ಟಿಗೆಯಲ್ಲಿ ಗಟ್ಟಿಮಾಡಿ, ರಂಧ್ರ ಕೊರೆದು, ಹಳೆಯದರಿಂದ ಸ್ಪೀಕರುಗಳನ್ನು ಚಿಮಟದಲ್ಲಿ ಎತ್ತಿ ಹೊಸದಕ್ಕೆ ಕೂರಿಸಿದಳು. ಉಜ್ಜುವಾಗ ಅವಳಿಗೆ ಅರಿವಿಲ್ಲದೆ ಕಾಲು ನೆಲ ತಟ್ಟುತ್ತಿತ್ತು. ಯಜಮಾನಿ ಬಾಗಿಲಲ್ಲಿ ನಿಂತು ಒಮ್ಮೆ ಕಾಲನ್ನೂ ಒಮ್ಮೆ ಮುಖವನ್ನೂ ನೋಡಿ ಹೋದಳು.

*

ಹಳೆಯ ಗೋದಾಮಿನ ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಪಟ್ಟಿಪಟ್ಟಿಯಾಗಿ ಜನರ ತಲೆಯ ಮೇಲೆ ಬೀಳುತ್ತಿತ್ತು. ಮೆಲ್ಲಕ್ಕ ಅಪರಿಚಿತರನ್ನು ನಿರೀಕ್ಷಿಸಿಕೊಂಡು ಬಂದಿದ್ದಳು. ಆದರೆ ಕಂಡದ್ದೆಲ್ಲ ಗುರುತಿನ ಕಿವಿಗಳು. ಔಷಧದಂಗಡಿಯವಳು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಕಿವಿಗೆ ತಟ್ಟೆಯಷ್ಟು ದೊಡ್ಡ ರಕ್ಷಾಕವಚ. ಮೀನಂಗಡಿಯವನು ಬಿಳಿ ಕೋಟಿಲ್ಲದೆ, ತೋಳಿಲ್ಲದ ಕಪ್ಪು ಅಂಗಿಯಲ್ಲಿ ಬಂದಿದ್ದ. ಮೊನ್ನೆ ಬೆಂಚಿನ ಮೇಲೆ ಕನ್ನಡಕ ಒರೆಸಿಕೊಂಡಿದ್ದ ಮುದುಕರೂ ಇದ್ದರು. ಅವರೇ ಎದ್ದು ಅತ್ತೆಗೆ ಮುಂದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

"ಯಂತ್ರ ಆಫ್ ಮಾಡಿ, ಆದ್ರೆ ಕಿವಿಯಿಂದ ತೆಗೀಬೇಡಿ ಅತ್ತೆ. ಬಿರಡೆಯ ಕೆಲಸ ಮಾಡತ್ತೆ."

"ಆಫ್ ಮಾಡಿದ್ರೆ ನಂಗೆ ಏನು ಕೇಳಿಸತ್ತೆ, ಮಣ್ಣು?"

"ನೋಡೋಣ ಇರಿ."

ಮೊದಲ ಪೆಟ್ಟಿಗೇ ಬೆಂಚು ನಡುಗಿತು. ಅತ್ತೆ ಎರಡೂ ಅಂಗೈಗಳನ್ನು ಬೆಂಚಿನ ಹಲಗೆಗೆ ಊರಿದರು. ಅವರ ಮುಖ ನಿಧಾನವಾಗಿ ಬದಲಾಗುವುದನ್ನು ಮೆಲ್ಲಕ್ಕ ನೋಡಿದಳು. ಸಂಶಯ, ಲೆಕ್ಕಾಚಾರ, ಆಮೇಲೆ ಮನೆಯಲ್ಲಿ ಎಂದೂ ಕಾಣದಿದ್ದ ಒಂದು ತುಂಬು ನೆಮ್ಮದಿ. ಬಲಗೈ ತಾನಾಗಿ ಎದ್ದು ತೊಡೆಯ ಮೇಲೆ ತಾಳ ಹಾಕತೊಡಗಿತು. ಸುತ್ತಲಿನವರು ಚಪ್ಪಾಳೆ ತಟ್ಟುವಲ್ಲಿ ಇವರ ಕೈ ಮೇಲಿರುತ್ತಿತ್ತು, ಇವರ ಕೈ ಇಳಿದಾಗ ಅವರು ಸುಮ್ಮನಿರುತ್ತಿದ್ದರು. ಎರಡೂ ಕೂಡಿ ಖಾಲಿ ಜಾಗವೇ ಉಳಿಯಲಿಲ್ಲ. ಹಾಡು ಮುಗಿದು ಗದ್ದಲ ಇಳಿಯುವ ಹೊತ್ತಿಗೆ ಸರಿಯಾಗಿ ಅತ್ತೆಯ ದನಿ ಗೋದಾಮಿನ ಸೂರಿಗೆ ಬಡಿಯಿತು:

"ಭೇಷ್!"

ಅಂಚೆಯ ಹುಡುಗಿ ಬೆಳಕಿಗೆ ಕೈ ಅಡ್ಡ ಹಿಡಿದು ಯಾರೆಂದು ಹುಡುಕಿ, ಬೆಂಚಿನತ್ತ ಬಾಗಿ ನಮಸ್ಕರಿಸಿದಳು. ಅವಳ ಕಿವಿಯಲ್ಲಿ ಅಚ್ಚು ಇದ್ದಲ್ಲೇ ಇತ್ತು. ಮೆಲ್ಲಕ್ಕನಿಗೆ ಬೇರೇನೂ ಕಾಣುತ್ತಿರಲಿಲ್ಲ. ಪ್ರತಿ ಏರುದನಿಗೂ ಅವಳ ಉಸಿರು ನಿಲ್ಲುತ್ತಿತ್ತು, ಇಳಿದಾಗ ಹೊರಡುತ್ತಿತ್ತು. ಬೆರಳುಗಳು ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆದುಬಿಟ್ಟಿದ್ದವು.

ಕೊನೆಗೆ ನಾಯಿಯ ಹಾಡು ಬಂತು. ಊರಿಗೇ ಗೊತ್ತಿದ್ದ ಹಾಡಿರಬೇಕು, ಗೋದಾಮು ಒಂದೇ ಮೈಯಾಗಿ ಮುಂದಕ್ಕೆ ಸರಿಯಿತು. ಪಲ್ಲವಿ ಹತ್ತಿರವಾಯಿತು. ಹುಡುಗಿ ಕಣ್ಣು ಮುಚ್ಚಿ ಬಾಯಿ ತೆರೆದಳು, ನೆಲಮಾಳಿಗೆಯಲ್ಲಿ ತೆರೆದದ್ದಕ್ಕಿಂತ ಅಗಲವಾಗಿ. ದನಿ ಏರಿತು, ಇನ್ನೂ ಏರಿತು, ಮೇಲೆ ಹೋಗಿ ಅಲ್ಲೇ ನಿಂತಿತು. ಅಚ್ಚು ಬೀಳಲಿಲ್ಲ. ಡ್ರಮ್ಮಿನವನು ಕೋಲನ್ನು ಗಾಳಿಗೆ ಎಸೆದು ಹಿಡಿದ. ಹುಡುಗಿ ಕಣ್ಣು ಬಿಟ್ಟು, ಜನರ ನಡುವೆ ಮೆಲ್ಲಕ್ಕನನ್ನು ಹುಡುಕಿ, ಬೆರಳಿನಿಂದ ತನ್ನ ಎಡಗಿವಿಯನ್ನು ತೋರಿಸಿದಳು.

ಏನಾಯಿತೆಂದು ಮೆಲ್ಲಕ್ಕನಿಗೆ ಆಮೇಲೂ ಸರಿಯಾಗಿ ಹೇಳಲಾಗಲಿಲ್ಲ. ಎಲ್ಲರೂ ಆ ಊರಿನ ಮಾತಿನಲ್ಲಿ ಕೂಗುತ್ತಿದ್ದರು, ಅವಳ ಬಾಯಿಂದ ತನ್ನ ಮಾತೇ ಹೊರಟಿತು. "ನಾಯಿ ಇದೆ!" ಎಂದು ಕೂಗಿದಳು. "ನಾಯಿ ಇದೆ! ನಾಯಿ ಇದೆ!" ಪಕ್ಕದಲ್ಲಿ ಅತ್ತೆಯೂ ಎದ್ದು ನಿಂತು, "ಇದೆ! ಇದೆ!" ಎಂದು ದನಿಗೂಡಿಸಿದರು. ಮೀನಂಗಡಿಯವನು ಅವರಿಬ್ಬರ ಕಡೆ ತಿರುಗಿ ಮುಷ್ಟಿ ಎತ್ತಿದ. ಮೆಲ್ಲಕ್ಕ ಇನ್ನೂ ಜೋರಾಗಿ ಕೂಗಿದಳು. ಆಗ ಅವಳ ಬಲಗಿವಿಯಲ್ಲಿ ಏನೋ ಸಡಿಲವಾಯಿತು. ನೀಲಿ ಬಿರಡೆ ಜಾರಿ ಕೊರಳಿಗೆ ಬಡಿದು ಅಂಗೈಗೆ ಬಿತ್ತು. ಗೋದಾಮಿನ ಅಷ್ಟೂ ಸದ್ದು ಒಮ್ಮೆಲೇ ಒಳಗೆ ನುಗ್ಗಿತು. ಒಂದು ಅಂಗೈಯಿಂದ ಕಿವಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಬಿರಡೆ ಹಿಡಿದುಕೊಂಡು, ಹಾಡು ಮುಗಿಯುವವರೆಗೂ ಅವಳು ಕೂಗಿದಳು.

ಮನೆಗೆ ಬಂದಾಗ ಗಂಡ ಬಟ್ಟೆ ಮಡಿಸುತ್ತಿದ್ದ.

"ಹೇಗಿತ್ತಮ್ಮಾ?"

"ಪೂರ್ತಿ ಕೇಳಿಸ್ತು ಕಣೋ!" ಎಂದರು ಅತ್ತೆ. ಯಂತ್ರ ಆನ್ ಮಾಡುವುದನ್ನು ಮರೆತು ಗೋಡೆಯಾಚೆಗೂ ಕೇಳುವಂತೆ ಹೇಳಿದರು. "ಮೊದಲಿಂದ ಕೊನೇವರೆಗೆ, ಒಂದು ಚೂರೂ ಬಿಡದೆ!"

ಮೆಲ್ಲಕ್ಕ ಏನೋ ಹೇಳಲು ಹೋದಳು. ಗಂಟಲಿಂದ ಬರೀ ಗಾಳಿ ಬಂತು.

"ಇವಳಿಗೇನಾಯ್ತು?"

"ನಾಯಿ ಕಚ್ಚಿತು," ಎಂದು ಅತ್ತೆ ಒಳಗೆ ಹೋದರು.

*

ಸೋಮವಾರ ಅಂಗಡಿಯ ಬಾಗಿಲು ತೆರೆದ ಕೂಡಲೇ ಮೆಲ್ಲಕ್ಕ ಅತ್ತೆಯ ಹೆಸರಿನಲ್ಲಿ ಹೊಸ ಅಚ್ಚಿಗೆ ಸಮಯ ಗೊತ್ತುಮಾಡಿದಳು. ಆಮೇಲೆ ಬಿಳಿ ಕೋಟು ತೆಗೆದು ಗೂಟಕ್ಕೆ ಹಾಕಿ, ಬಂದವರು ಕೂರುವ ಕುರ್ಚಿಯಲ್ಲಿ ತಾನೇ ಕೂತಳು.

"ನಿನ್ನ ಬಿರಡೆ ಚೆನ್ನಾಗೇ ಇತ್ತಲ್ಲ?" ಎಂದಳು ಯಜಮಾನಿ, ಸಿಲಿಕೋನ್ ಕಲಸುತ್ತ. "ಹೊಳಪಿನ ಯಂತ್ರದ ಮುಂದೆ ಕೂರೋದಕ್ಕೆ ಅಷ್ಟು ಸಾಕು."

ಮೆಲ್ಲಕ್ಕ ಅಂಗೈಯಲ್ಲಿ ಹಿಡಿದಿದ್ದ ಸ್ಪಂಜಿನ ತುಂಡನ್ನು ಹಲ್ಲುಗಳ ನಡುವೆ ಇಟ್ಟುಕೊಂಡಳು. ಯಜಮಾನಿ ಒಂದು ಕ್ಷಣ ಅವಳನ್ನು ನೋಡಿ, ಅವಳ ತಲೆಯನ್ನು ಮೆಲ್ಲನೆ ವಾಲಿಸಿ, ತಣ್ಣನೆಯ ಸಿಲಿಕೋನನ್ನು ಕಿವಿಗೆ ತುಂಬಿದಳು. ಬೀದಿಯ ಸದ್ದು ದಪ್ಪವಾಗುತ್ತ, ದೂರವಾಗುತ್ತ ಹೋಯಿತು. ಕಿಟಕಿಯಾಚೆ ಅಂಚೆಯ ಸೈಕಲ್ಲು ಬಂದು ನಿಂತು, ಅದರ ಮೇಲಿದ್ದವಳು ಗಾಜಿಗೆ ಮೂಗೊತ್ತಿ ಒಳಗೆ ಇಣುಕಿದಳು. ಮೆಲ್ಲಕ್ಕ ಕೈ ಎತ್ತಿದಳು. ತಲೆ ಅಲ್ಲಾಡಿಸುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಅಚ್ಚು ಗಟ್ಟಿಯಾಗುವವರೆಗೆ ಬಾಯಿಯನ್ನು ಅಷ್ಟಗಲ ತೆರೆದುಕೊಂಡು, ಕಣ್ಣು ಮುಚ್ಚಿ ಕೂತಳು.